ಕೆಂಪು ಗೆರೆ

"ತಾತಾ, ಇದು ಯಾವ ಊರಿನ ಮ್ಯಾಪು?"

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ಅಟ್ಟದ ಟ್ರಂಕಿನಿಂದ ಒಂದು ಕಾಗದದ ಸುರುಳಿಯನ್ನು ಎಳೆದು ತಂದು ನಡುಮನೆಯಲ್ಲಿ ಹರಡಿದ್ದ. ಬಿಡಿಸಿದಷ್ಟೂ ಅದು ಮತ್ತೆ ಸುರುಟಿಕೊಳ್ಳುತ್ತಿತ್ತು. ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟು, ಬೋರಲು ಮಲಗಿ ನೋಡುತ್ತಿದ್ದ. ಅವನು ಮೂರನೇ ಕ್ಲಾಸು. ಏಳನೇ ಕ್ಲಾಸಿನ ಅವನ ಅಕ್ಕ ದೂರದಿಂದಲೇ ಕಣ್ಣು ಹಾಯಿಸಿ, "ಮ್ಯಾಪ್ ಅಲ್ಲ ಕಣೋ, ಅದು ಅಜ್ಜಿಯ ರಂಗೋಲಿ" ಎಂದಳು.

ಇಬ್ಬರದೂ ಪೂರಾ ತಪ್ಪಲ್ಲ. ಅದರಲ್ಲಿ ಗೆರೆಗಳಿದ್ದವು, ಉಂಗುರಗಳಿದ್ದವು, ತುದಿಗೆ ತುದಿ ತಾಗಿಸಿದ ತ್ರಿಕೋನಗಳಿದ್ದವು. ಆದರೆ ಅದು ಊರೂ ಅಲ್ಲ, ರಂಗೋಲಿಯೂ ಅಲ್ಲ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಸಕ್ಕರೆ ಕಾರ್ಖಾನೆಯ ಬಾಯ್ಲಿಂಗ್ ಹೌಸಿನ ನಕ್ಷೆ. ಕಾರ್ಖಾನೆಯಲ್ಲಿ ಎಲ್ಲರೂ ಇದನ್ನು 'ಪಿ ಅಂಡ್ ಐ ಡಿ' ಎನ್ನುತ್ತಿದ್ದೆವು. ಪೂರ್ತಿ ಹೆಸರು ಪೈಪಿಂಗ್ ಅಂಡ್ ಇನ್‌ಸ್ಟ್ರುಮೆಂಟೇಶನ್ ಡಯಾಗ್ರಾಂ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದರ ಮೇಲೆ ಯಾವ ವಾಲ್ವು, ಯಾವ ಮೀಟರು ಇದೆ ಎಂದು ತೋರಿಸುವ ಚಿತ್ರ.

"ಎಲ್ಲ ಗೆರೆಯೂ ನೀಲಿ. ಇದೊಂದು ಮಾತ್ರ ಯಾಕೆ ಕೆಂಪು?" ಎಂದು ಮೊಮ್ಮಗ ಒಂದು ಕಡೆ ಬೆರಳಿಟ್ಟ.

ಅಲ್ಲಿ ಅಂಗುಲದಷ್ಟು ಉದ್ದದ ಒಂದು ಕೆಂಪು ಗೆರೆ. ಪೆನ್ನಿನಲ್ಲಿ ಎಳೆದದ್ದು. ನಡುವೆ ಒಂದು ಪುಟ್ಟ ವಾಲ್ವಿನ ಗುರುತು.

"ಅದನ್ನು ಆಮೇಲೆ ಹೇಳ್ತೀನಿ" ಎಂದೆ. ನಮ್ಮ ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಅವಳಿಗೆ ಗೊತ್ತು.

ಮೊದಲು ಮಕ್ಕಳಿಗೆ ಇದನ್ನು ಓದುವುದನ್ನು ಕಲಿಸಿದೆ. ಓದುಗರಾದ ನೀವೂ ಕಲಿತುಬಿಡಿ, ಕಷ್ಟವಿಲ್ಲ.

ತುದಿಗೆ ತುದಿ ತಾಗಿದ ಎರಡು ತ್ರಿಕೋನ, ಅಂದರೆ ಅಡ್ಡ ಮಲಗಿಸಿದ ಡಮರುಗ, ಒಂದು ವಾಲ್ವು. ಕೈಯಿಂದ ತಿರುಗಿಸುವ ವಾಲ್ವು. ಅದೇ ಡಮರುಗದ ನೆತ್ತಿಯ ಮೇಲೆ ಒಂದು ಕಡ್ಡಿ, ಕಡ್ಡಿಯ ಮೇಲೆ ಕೊಡೆಯಂಥ ಅರ್ಧ ಉಂಡೆ ಇದ್ದರೆ, ಅದು ತಾನೇ ತೆರೆದು ಮುಚ್ಚುವ ಕಂಟ್ರೋಲ್ ವಾಲ್ವು. ದಪ್ಪ ಗೆರೆ ದೊಡ್ಡ ಪೈಪು. ಉಂಗುರ ಅಂದರೆ ಅಳೆಯುವ ಒಂದು ಉಪಕರಣ.

ಉಂಗುರದೊಳಗೆ ಇಂಗ್ಲಿಷಿನ ಎರಡೋ ಮೂರೋ ಅಕ್ಷರ, ಕೆಳಗೆ ಒಂದು ಸಂಖ್ಯೆ ಇರುತ್ತದೆ. ಮೊದಲ ಅಕ್ಷರ ಏನನ್ನು ಅಳೆಯುತ್ತದೆ ಎಂದು ಹೇಳುತ್ತದೆ. ಟಿ ಅಂದರೆ ಬಿಸಿ ಎಷ್ಟು, ಪಿ ಅಂದರೆ ಒತ್ತಡ ಎಷ್ಟು, ಎಲ್ ಅಂದರೆ ಪಾತ್ರೆಯಲ್ಲಿ ಮಟ್ಟ ಎಷ್ಟು, ಎಫ್ ಅಂದರೆ ಹರಿವು ಎಷ್ಟು. ಮುಂದಿನ ಅಕ್ಷರಗಳು ಆ ಉಪಕರಣ ಏನು ಮಾಡುತ್ತದೆ ಎಂದು ಹೇಳುತ್ತವೆ. ಐ ಇದ್ದರೆ ತೋರಿಸುತ್ತದೆ, ಆರ್ ಇದ್ದರೆ ಬರೆದಿಡುತ್ತದೆ, ಸಿ ಇದ್ದರೆ ಹತೋಟಿಯಲ್ಲಿಡುತ್ತದೆ, ಟಿ ಇದ್ದರೆ ಸುದ್ದಿ ಕಳಿಸುತ್ತದೆ.

"ಹಾಗಾದರೆ ಎರಡು ಟಿ ಇದ್ದರೆ? ತಾತ ಅಂತಲಾ?" ಎಂದಳು ಮೊಮ್ಮಗಳು.

ನಕ್ಕುಬಿಟ್ಟೆ. ಮೊದಲ ಟಿ ಬಿಸಿ, ಎರಡನೇ ಟಿ ಸುದ್ದಿ ಕಳಿಸುವವನು. ಬಿಸಿ ಎಷ್ಟಿದೆ ಎಂದು ಸುದ್ದಿ ಕಳಿಸುವ ಟ್ರಾನ್ಸ್‌ಮಿಟರು. ಒಂದೇ ಅಕ್ಷರ, ಕೂತ ಜಾಗ ಬೇರೆಯಾದರೆ ಕೆಲಸವೂ ಬೇರೆ. ಅವತ್ತಿನಿಂದ ಮೊಮ್ಮಗ ನನ್ನನ್ನು ಕರೆಯುವುದೇ 'ಟಿಟಿ' ಎಂದು.

ಉಂಗುರದ ನಡುವೆ ಅಡ್ಡ ಗೆರೆ ಇದ್ದರೆ ಆ ಉಪಕರಣ ಕಂಟ್ರೋಲ್ ರೂಮಿನ ಫಲಕದಲ್ಲಿದೆ. ಗೆರೆ ಇಲ್ಲದಿದ್ದರೆ ಹೊರಗೆ, ಪೈಪಿನ ಪಕ್ಕದಲ್ಲೇ ಇದೆ. ಸುದ್ದಿ ಹೋಗುವ ದಾರಿಗೂ ಬೇರೆ ಗುರುತು. ಗೆರೆಯ ಮೇಲೆ ಅಲ್ಲಲ್ಲಿ ಎರಡೆರಡು ಓರೆಗೀಟು ಇದ್ದರೆ ಸುದ್ದಿ ಗಾಳಿಯ ಒತ್ತಡದಲ್ಲಿ ಹೋಗುತ್ತದೆ. ತುಂಡು ತುಂಡು ಗೆರೆಯಾದರೆ ವಿದ್ಯುತ್ತಿನಲ್ಲಿ. ನಾನು ಕೆಲಸಕ್ಕೆ ಸೇರಿದಾಗ ಬಹುತೇಕ ಗಾಳಿಯದೇ ಕಾಲ. 3ರಿಂದ 15 ಪೌಂಡಿನ ಒತ್ತಡದಲ್ಲಿ ಸುದ್ದಿ ಓಡುತ್ತಿತ್ತು. ಆಮೇಲೆ ವಿದ್ಯುತ್ತು ಬಂತು, 4ರಿಂದ 20 ಮಿಲಿಆಂಪಿಯರ್.

"ಸೊನ್ನೆಯಿಂದ ಯಾಕೆ ಶುರು ಮಾಡಲ್ಲ?" ಮೊಮ್ಮಗಳು ಕೇಳಿದ ಈ ಪ್ರಶ್ನೆಯನ್ನು ನಾನು ಕೆಲಸಕ್ಕೆ ಸೇರಿ ಎಷ್ಟೋ ತಿಂಗಳ ಮೇಲೆ ಕೇಳಿದ್ದೆ. ಪಾತ್ರೆ ಖಾಲಿಯಾದಾಗ ಸೊನ್ನೆ ಬರುವ ಹಾಗಿದ್ದರೆ, ತಂತಿ ಕಡಿದು ಹೋದಾಗಲೂ ಸೊನ್ನೆಯೇ ಬರುತ್ತದೆ. ಯಾವುದು ನಿಜ ಎಂದು ತಿಳಿಯುವುದು ಹೇಗೆ? ಖಾಲಿ ಅಂದರೆ 4 ಎಂದಿಟ್ಟರೆ, ಸೊನ್ನೆ ಬಂದ ಕೂಡಲೇ 'ಪಾತ್ರೆ ಖಾಲಿಯಲ್ಲ, ತಂತಿಯೇ ಕಡಿದಿದೆ' ಎಂದು ಗೊತ್ತಾಗುತ್ತದೆ. 'ಏನೂ ಇಲ್ಲ' ಎನ್ನುವುದು ಬೇರೆ, 'ಏನೂ ಹೇಳುತ್ತಿಲ್ಲ' ಎನ್ನುವುದು ಬೇರೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಅಕ್ಷರಗಳನ್ನು ಯಾರೋ ಒಬ್ಬ ಇಂಜಿನಿಯರ್ ತನ್ನ ಖುಷಿಗೆ ಬರೆದದ್ದಲ್ಲ. ಅಮೆರಿಕದ ಇನ್‌ಸ್ಟ್ರುಮೆಂಟ್ ಸೊಸೈಟಿ 1949ರಲ್ಲಿ ಇಂಥ ಗುರುತುಗಳ ಒಂದು ಪದ್ಧತಿಯನ್ನು ಮೊದಲ ಸಲ ಹೊರತಂದಿತು. ಆಮೇಲೆ ಹಲವು ಸಲ ತಿದ್ದಿದರು. ಹಾಗಾಗಿ ಕನ್ನಡವೊಂದೇ ಬಲ್ಲ ಫಿಟ್ಟರೂ, ಬೇರೆ ದೇಶದ ಇಂಜಿನಿಯರೂ ಇದೇ ಡಮರುಗವನ್ನು ನೋಡಿ ವಾಲ್ವು ಎಂದೇ ಓದುತ್ತಾರೆ.

"ಅಜ್ಜಿ ಹಾಲು ಕಾಯಿಸುವುದನ್ನು ಈ ಭಾಷೆಯಲ್ಲಿ ಬರೆಯಿರಿ ನೋಡೋಣ" ಎಂದೆ. ಇಬ್ಬರೂ ಅಡುಗೆಮನೆಗೆ ಓಡಿದರು. ಅಜ್ಜಿಯ ಕಣ್ಣು ಹಾಲಿನ ಮಟ್ಟ ನೋಡಿ ಸುದ್ದಿ ಕಳಿಸುತ್ತದೆ, ಅದು ಎಲ್‌ಟಿ. ಅಜ್ಜಿಯ ತಲೆ 'ಉಕ್ಕುತ್ತಿದೆ, ಉರಿ ಇಳಿಸು' ಎಂದು ತೀರ್ಮಾನಿಸುತ್ತದೆ, ಅದು ಎಲ್‌ಸಿ. ಸ್ಟೌವಿನ ಕಿವಿ ತಿರುವುವ ಕೈ, ಕೊಡೆ ಹೊತ್ತ ಡಮರುಗ. ಕಣ್ಣು, ತಲೆ, ಕೈ ಈ ಮೂರನ್ನು ಜೋಡಿಸಿದ ಸುತ್ತನ್ನು ನಾವು ಲೂಪ್ ಎನ್ನುತ್ತೇವೆ. ಕಾರ್ಖಾನೆಯಲ್ಲಿ ಅಂಥ ಲೂಪುಗಳು ಹಗಲು ರಾತ್ರಿ ಹಾಲು ಕಾಯುತ್ತಲೇ ಇರುತ್ತವೆ.

"ಫೋನ್ ಬಂದರೆ ನಿಮ್ಮಜ್ಜಿಯ ಲೂಪ್ ಕೆಟ್ಟುಹೋಗುತ್ತೆ" ಎಂದೆ.

"ರೀ, ಹಾಲು ಉಕ್ಕಿಸಿದ್ದು ಮೊನ್ನೆ ನೀವು" ಎಂದಳು ಒಳಗಿನಿಂದ.

ಭಾಷೆ ಬಂದ ಮೇಲೆ ನಕ್ಷೆಯ ಮೇಲೆ ಬೆರಳಿಟ್ಟು ಕಬ್ಬಿನ ಹಾಲಿನ ಜೊತೆ ಪ್ರಯಾಣ ಹೊರಟೆವು. ಗಾಣದಲ್ಲಿ ಹಿಂಡಿದ ರಸ ಇಲ್ಲಿಂದ ಬರುತ್ತದೆ. ಈ ಹೀಟರಿನಲ್ಲಿ 70 ಡಿಗ್ರಿಯ ಆಸುಪಾಸಿಗೆ ಬಿಸಿಯಾಗುತ್ತದೆ. ಇಲ್ಲಿ ಸುಣ್ಣದ ತಿಳಿಯನ್ನೂ ಗಂಧಕದ ಹೊಗೆಯನ್ನೂ ಸೇರಿಸಿ ಕಸ ಕೂಡಿಕೊಳ್ಳುವಂತೆ ಮಾಡುತ್ತಾರೆ. ಮತ್ತೆ ಕುದಿಯುವಷ್ಟು ಬಿಸಿ ಮಾಡಿ, ದೊಡ್ಡ ತೊಟ್ಟಿಯಲ್ಲಿ ಕಸ ಕೆಳಗೆ ಕೂರಲು ಬಿಡುತ್ತಾರೆ. ಮೇಲೆ ನಿಂತ ತಿಳಿರಸ ಈ ನಾಲ್ಕು ದೊಡ್ಡ ಪಾತ್ರೆಗಳಿಗೆ ಹೋಗುತ್ತದೆ.

ಈ ಪಾತ್ರೆಗಳನ್ನು ನಾವು 'ಬಾಡಿ' ಎನ್ನುತ್ತಿದ್ದೆವು. ಮೊದಲನೇ ಬಾಡಿಗೆ ಮಾತ್ರ ಹೊರಗಿನಿಂದ ಹಬೆ. ಅಲ್ಲಿ ರಸ ಕುದಿದು ಎದ್ದ ಹಬೆಯೇ ಎರಡನೆಯದನ್ನು ಕುದಿಸುತ್ತದೆ. ಅದರ ಹಬೆ ಮೂರನೆಯದನ್ನು, ಮೂರನೆಯದರ ಹಬೆ ನಾಲ್ಕನೆಯದನ್ನು. ಮುಂದೆ ಹೋದಂತೆ ಒಳಗಿನ ಒತ್ತಡ ಕಡಿಮೆ. ಅದಕ್ಕೇ ಕಡಿಮೆ ಬಿಸಿಯಲ್ಲೂ ರಸ ಕುದಿಯುತ್ತದೆ. ಕೊನೆಯ ಬಾಡಿಯಲ್ಲಿ 60 ಡಿಗ್ರಿಯ ಹತ್ತಿರವೇ ಕುದಿತ. ಒಂದು ಕಿಲೋ ಹಬೆಯಿಂದ ಹೆಚ್ಚುಕಡಿಮೆ ನಾಲ್ಕು ಕಿಲೋ ನೀರು ಆರುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ನಾರ್ಬರ್ಟ್ ರಿಲ್ಯೂ ಎಂಬಾತ ಈ ಉಪಾಯಕ್ಕೆ 1843ರಲ್ಲಿ ಪೇಟೆಂಟ್ ಪಡೆದ. ಆ ನಾಡಿನಲ್ಲಿ ಕಪ್ಪು ಜನರನ್ನು ಇನ್ನೂ ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಕಾಲವದು. ಅವನ ತಾಯಿ ಆಫ್ರಿಕನ್ ಮೂಲದವಳು. ಇಂದಿಗೂ ಜಗತ್ತಿನ ಸಕ್ಕರೆ ಕಾರ್ಖಾನೆಗಳು ಅವನ ದಾರಿಯಲ್ಲೇ ನಡೆಯುತ್ತಿವೆ.

"ತಾತಾ, ಈ ನಾಲ್ಕೂ ಹೀಗೆ ಸಾಲಾಗಿ ಅಕ್ಕಪಕ್ಕ ಇರುತ್ತಾ?"

ಇದು ಒಳ್ಳೆಯ ಪ್ರಶ್ನೆ. ಈ ನಕ್ಷೆ ಫೋಟೋ ಅಲ್ಲ. ಇದರಲ್ಲಿ ಉದ್ದ, ದೂರ, ದಿಕ್ಕು ಒಂದೂ ಅಳತೆಗೆ ತಕ್ಕಂತೆ ಇರುವುದಿಲ್ಲ. ಕಾಗದದಲ್ಲಿ ಅಂಗುಲ ದೂರದ ವಾಲ್ವು ನಿಜದಲ್ಲಿ ಮೂರನೇ ಮಹಡಿಯಲ್ಲಿರಬಹುದು. ಇದು ಹೇಳುವುದು ಒಂದೇ ಸಂಗತಿ. ಯಾವುದು ಯಾವುದಕ್ಕೆ ಸೇರಿದೆ. ಮನೆತನದ ವಂಶವೃಕ್ಷವಿದ್ದ ಹಾಗೆ. ಅದರಲ್ಲಿ ಯಾರು ಎಷ್ಟು ಎತ್ತರ ಎಂದು ಬರೆದಿರುವುದಿಲ್ಲ, ಯಾರು ಯಾರ ಮಗ ಎಂದಷ್ಟೇ ಬರೆದಿರುತ್ತದೆ. ಆ ಒಂದು ಸಂಗತಿಯನ್ನು ಮಾತ್ರ ಅದು ತಪ್ಪಿಲ್ಲದೆ ಹೇಳಲೇಬೇಕು.

ಆಗ ಮೊಮ್ಮಗ ಮತ್ತೆ ಕೆಂಪು ಗೆರೆಯ ಮೇಲೆ ಬೆರಳಿಟ್ಟ. "ಈಗ ಹೇಳು ಟಿಟಿ."

ಹೇಳಿದೆ.

ನಾನು ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೆ. ಕೈಬರಹ ದುಂಡಗಿದೆ ಎಂದು ನಕ್ಷೆಗಳನ್ನು ನೋಡಿಕೊಳ್ಳುವ ಕೆಲಸವನ್ನೂ ನನಗೇ ಹಚ್ಚಿದ್ದರು. ಪೈಪು ಬದಲಾದರೆ ಮೂಲ ಪ್ರತಿಯಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು. ಆಮೇಲೆ ಹೊಸ ಪ್ರಿಂಟು ತೆಗೆಸಿ ಬಾಯ್ಲಿಂಗ್ ಹೌಸಿನ ಗೋಡೆಗೆ ಹಾಕಬೇಕು. ಅದು ಅಮೋನಿಯಾ ಪ್ರಿಂಟಿನ ಕಾಲ. ಹೊಸ ಹಾಳೆ ಬಿಡಿಸಿದರೆ ಕಣ್ಣಲ್ಲಿ ನೀರು ಬರುವಂಥ ವಾಸನೆ.

ಕಬ್ಬಿನ ಹಂಗಾಮಿನಲ್ಲಿ ದಿನಗಳೆದಂತೆ ಬಾಡಿಗಳ ಒಳಗಿನ ಕೊಳವೆಗಳಿಗೆ ಗಟ್ಟಿ ಕಿಟ್ಟ ಹಿಡಿಯುತ್ತದೆ. ಆಗಾಗ ಗಾಣ ನಿಲ್ಲಿಸಿ, ಕಾಸ್ಟಿಕ್ ಸೋಡಾ ನೀರು ತುಂಬಿ ಕುದಿಸಿ, ತೊಳೆದು ಮತ್ತೆ ಶುರು ಮಾಡಬೇಕು. ನಿಲ್ಲಿಸಿದ ಒಂದೊಂದು ಗಂಟೆಯೂ ನಷ್ಟ. ಹೊರಗೆ ಕಬ್ಬಿನ ಗಾಡಿಗಳ ಸಾಲು.

1986ರ ಹಂಗಾಮು. ಅಂಥದೇ ಒಂದು ರಾತ್ರಿ ಪಾಳಿಯಲ್ಲಿ ನಾಲ್ಕನೇ ಬಾಡಿಗೆ ಕಾಸ್ಟಿಕ್ ಹೋಗುವ ಪೈಪು ಕಟ್ಟಿಕೊಂಡಿತು. ಬಿಚ್ಚಿ ಸರಿಮಾಡಲು ಹೊತ್ತು ಸಾಲದು. ಪಕ್ಕದಲ್ಲೇ ಬಿಸಿನೀರಿನ ಪೈಪು ಅದೇ ಬಾಡಿಗೆ ಹೋಗುತ್ತಿತ್ತು. ಕಾಸ್ಟಿಕ್ ಪಂಪಿನಿಂದ ಆ ಬಿಸಿನೀರಿನ ಪೈಪಿಗೆ ಒಂದು ಮೊಳದ ತುಂಡು ಜೋಡಿಸಿ, ನಡುವೆ ಒಂದು ವಾಲ್ವು ಹಾಕಿದೆವು. ಫಿಟ್ಟರು ಜೋಡಿಸಿದ, ನಾನು ಟಾರ್ಚ್ ಹಿಡಿದೆ. ಕೆಲಸ ಆಯಿತು. ಬೆಳಗ್ಗೆ ಪೈಪುಗಳನ್ನು ಚೆನ್ನಾಗಿ ತೊಳೆದು, ವಾಲ್ವು ಮುಚ್ಚಿದೆವು. ನಾಳೆ ಬಿಚ್ಚಿದರಾಯಿತು ಎಂದುಕೊಂಡೆವು. ನಾಳೆ ಬಿಚ್ಚುವುದನ್ನು ಇವತ್ತು ನಕ್ಷೆಯಲ್ಲಿ ಏಕೆ ಬರೆಯಬೇಕು ಎಂದು ನಾನು ಪೆನ್ನು ತೆಗೆಯಲೇ ಇಲ್ಲ.

ಆ ನಾಳೆ ಬರಲಿಲ್ಲ. ಗಾಣ ಓಡಿತು, ಗಡಿಬಿಡಿಯಲ್ಲಿ ಎಲ್ಲರೂ ಮರೆತೆವು.

ಎರಡು ವಾರದ ಮೇಲೆ ಮತ್ತೆ ತೊಳೆಯುವ ದಿನ. ನನ್ನ ಒಬ್ಬ ಗೆಳೆಯ ಪ್ಯಾನ್ ವಿಭಾಗದಿಂದ ಆಗಷ್ಟೇ ಅಲ್ಲಿಗೆ ಬಂದಿದ್ದ. ಜಾಗ ಹೊಸತು ಎಂದು ಅವನು ಏನು ಮಾಡಬೇಕೋ ಅದನ್ನೇ ಮಾಡಿದ. ಗೋಡೆಯ ನಕ್ಷೆಯ ಮುಂದೆ ನಿಂತು, ಬೆರಳಿಟ್ಟು, ಬಿಸಿನೀರು ಯಾವ ವಾಲ್ವಿನಲ್ಲಿ ಬರುತ್ತದೆ ಎಂದು ನೋಡಿಕೊಂಡ. ಆ ಗೆರೆಗೆ ಬಿಸಿನೀರು ಬಿಟ್ಟು ಬೇರೇನೂ ಸೇರಿರಲಿಲ್ಲ. ನೆಲ ತೊಳೆಯಲು ಹೋಗಿ ಹೋಸ್ ಪೈಪಿಗೆ ವಾಲ್ವು ತಿರುವಿದ. ನೀರು ತಾನೇ ಎಂದು ಕೈಗವಸು ಹಾಕಿರಲಿಲ್ಲ.

ನಾವು ಹಾಕಿದ್ದ ವಾಲ್ವು ಬಿಗಿಯಾಗಿ ಕೂತಿರಲಿಲ್ಲ. ಅದರ ಸಂದಿಯಿಂದ ಬಿಸಿ ಕಾಸ್ಟಿಕ್ ಬಿಸಿನೀರಿನ ಪೈಪಿಗೆ ಇಳಿದಿತ್ತು.

ಬಲಗೈ ಮೊಣಕೈವರೆಗೆ ಬೆಂದಿತು. ಪಕ್ಕದಲ್ಲಿದ್ದ ಹಿರಿಯ ಕೆಲಸಗಾರರೊಬ್ಬರು ಅವನನ್ನು ಎಳೆದುಕೊಂಡು ಹೋಗಿ ತಣ್ಣೀರಿನ ನಲ್ಲಿಯ ಕೆಳಗೆ ನಿಲ್ಲಿಸಿ, ಅವನು ಸಾಕೆಂದರೂ ಬಿಡದೆ ಬಹಳ ಹೊತ್ತು ನೀರು ಹಾಯಿಸಿದರು. ಕೈ ಉಳಿದದ್ದು ಅದರಿಂದಲೇ ಎಂದು ಡಾಕ್ಟರು ಹೇಳಿದರು. ಕಣ್ಣಿಗೆ ಸಿಡಿಯಲಿಲ್ಲ, ಅದು ದೇವರ ದಯೆ.

ಸಂಜೆ ಆಸ್ಪತ್ರೆಗೆ ಹೋದೆ. ಅವನು ಬೈಯಲಿಲ್ಲ. ತುಂಡು ಪೈಪಿನ ಸುದ್ದಿ ಅವನಿಗಿನ್ನೂ ಗೊತ್ತಿರಲಿಲ್ಲ. ತಾನೇ ಎಲ್ಲೋ ತಪ್ಪು ಮಾಡಿದೆನೆಂದು ನೊಂದುಕೊಂಡಿದ್ದ. "ನಾನು ಡ್ರಾಯಿಂಗ್ ನೋಡಿಯೇ ಬಿಟ್ಟೆ ಕಣೋ" ಎಂದ. ಮತ್ತೆ ಮತ್ತೆ ಅದನ್ನೇ ಹೇಳಿದ. "ಡ್ರಾಯಿಂಗ್ ನೋಡಿಯೇ ಬಿಟ್ಟೆ."

ಆ ಡ್ರಾಯಿಂಗ್ ನನ್ನದು.

ಅಲ್ಲೇ ಅವನಿಗೆ ಹೇಳಿಬಿಡಬೇಕಿತ್ತು. ಬಾಯಿ ಬರಲಿಲ್ಲ. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಗ್ಗೆ ಮನೆಯಾಕೆಗೆ ಹೇಳಿದೆ. ಆಗ ಮದುವೆಯಾಗಿ ಐದು ವರ್ಷ. "ಮೊದಲು ಅವರಿಗೆ ಹೇಳಿ, ಆಮೇಲೆ ಸಾಹೇಬರಿಗೆ" ಎಂದಳು. ಹಾಗೇ ಮಾಡಿದೆ. ಗೆಳೆಯ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. ಮಾತಾಡಲಿಲ್ಲ. ನಾನು ಎದ್ದು ಬಂದೆ.

ನಮ್ಮ ಚೀಫ್ ಇಂಜಿನಿಯರ್ ಕೂಗಾಡಲಿಲ್ಲ. ಕುರ್ಚಿ ತೋರಿಸಿ ಕೂರಿಸಿ, ಇಂಗ್ಲೆಂಡಿನ ಫ್ಲಿಕ್ಸ್‌ಬರೊ ಎಂಬ ಹಳ್ಳಿಯ ಕಥೆ ಹೇಳಿದರು. ನೈಲಾನ್ ನೂಲಿಗೆ ಬೇಕಾದ ರಾಸಾಯನಿಕ ಮಾಡುವ ಕಾರ್ಖಾನೆ ಅಲ್ಲಿತ್ತು. ಆರು ದೊಡ್ಡ ಪಾತ್ರೆಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು. 1974ರ ಮಾರ್ಚಿನಲ್ಲಿ ಐದನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು, ನಾಲ್ಕರಿಂದ ಆರಕ್ಕೆ ನೇರವಾಗಿ 20 ಇಂಚಿನ ಒಂದು ತಾತ್ಕಾಲಿಕ ಪೈಪು ಜೋಡಿಸಿದರು. ಆ ಪೈಪಿಗೆ ಸರಿಯಾದ ನಕ್ಷೆ ಇರಲಿಲ್ಲ, ಲೆಕ್ಕಾಚಾರ ಇರಲಿಲ್ಲ. ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ ಚಿತ್ರವೇ ಅದರ ನಕ್ಷೆ. ಎರಡು ತಿಂಗಳು ತಡೆಯಿತು. ಜೂನ್ 1, ಶನಿವಾರ ಸಂಜೆ ಐದರ ಹೊತ್ತಿಗೆ ಪೈಪು ಕಿತ್ತುಬಂತು. ಒಳಗಿದ್ದ ಬಿಸಿ ದ್ರವ ಆವಿಯ ಮೋಡವಾಗಿ ಹರಡಿ ಹೊತ್ತಿಕೊಂಡು ಸಿಡಿಯಿತು. 28 ಜನ ಸತ್ತರು. ಅವರಲ್ಲಿ 18 ಮಂದಿ ಕಂಟ್ರೋಲ್ ರೂಮಿನಲ್ಲಿದ್ದವರು. ರಜೆಯ ದಿನವಾದ್ದರಿಂದ ಆಫೀಸಿನಲ್ಲಿ ಜನರಿರಲಿಲ್ಲ, ಇಲ್ಲದಿದ್ದರೆ ಸತ್ತವರು ಇನ್ನೂ ಹೆಚ್ಚಾಗುತ್ತಿದ್ದರು.

"ನೆಲದ ಮೇಲೆ ಬರೆದದ್ದನ್ನು ಬೇರೆ ಯಾರು ನೋಡಿ ತಪ್ಪು ಹುಡುಕಬೇಕು?" ಎಂದು ಕೇಳಿದರು ಸಾಹೇಬರು. "ಕಾಗದದ ಮೇಲೆ ಹಾಕಿದರೆ ನಾಲ್ಕು ಕಣ್ಣು ನೋಡುತ್ತವೆ. ನೀವು ನೆಲದ ಮೇಲೂ ಬರೆಯಲಿಲ್ಲ."

ಆಮೇಲೆ ಗೋಡೆಯ ನಕ್ಷೆಯನ್ನು ಬಿಚ್ಚಿ ತರಿಸಿ ನನ್ನ ಕೈಗೆ ಕೊಟ್ಟರು. ಜೊತೆಗೆ ಒಂದು ಕೆಂಪು ಪೆನ್ನು. "ಒಂದೊಂದು ಪೈಪಿನ ಜೊತೆಗೂ ನಡೆದು ಬನ್ನಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ."

ನಾನು ಮೊದಲು ಎಳೆದದ್ದು ಮೊಮ್ಮಗ ಬೆರಳಿಟ್ಟ ಆ ಅಂಗುಲದ ಗೆರೆ. ಆ ಹೊತ್ತಿಗೆ ತುಂಡು ಪೈಪನ್ನು ಬಿಚ್ಚಿ ಬಿಸಾಡಿದ್ದರು. ಆದರೂ ಎಳೆದೆ. ಸಾಹೇಬರು ನೋಡಿ, ಆ ಹಾಳೆಯನ್ನು ಬದಿಗಿಟ್ಟು ನನಗೆ ಬೇರೆ ಹಾಳೆ ಕೊಟ್ಟರು. ಹಳೆಯ ಹಾಳೆಯ ಮೇಲೆ 'ರದ್ದು' ಎಂದು ಮೊಹರು ಹಾಕಿ, "ಇದನ್ನು ನೀವೇ ಇಟ್ಟುಕೊಳ್ಳಿ" ಎಂದರು. ಟ್ರಂಕಿನಲ್ಲಿ ಇದ್ದದ್ದು ಅದೇ.

ಹನ್ನೊಂದು ದಿನ ನಡೆದೆ. ಏಣಿ ಹತ್ತಿದೆ, ಹಬೆಯ ನಡುವೆ ನುಗ್ಗಿದೆ. ನಕ್ಷೆಯಲ್ಲಿ ಇಲ್ಲದ, ಅಥವಾ ನಕ್ಷೆಯಲ್ಲಿದ್ದು ನಿಜದಲ್ಲಿ ಇಲ್ಲದ 31 ಜಾಗ ಸಿಕ್ಕವು. ಯಾರೋ ಎಂದೋ ಹಾಕಿದ ಡ್ರೈನು, ಎಲ್ಲಿಗೂ ಹೋಗದ ಪೈಪು, ತಿರುವುಮುರುವಾದ ವಾಲ್ವು. ಪ್ರತಿಯೊಂದನ್ನೂ ಯಾರೋ ಒಬ್ಬರು 'ನಾಳೆ ಬರೆಯೋಣ' ಎಂದಿದ್ದರು. ಮಿಲಿಆಂಪಿಯರಿನ ಮಾತು ನೆನಪಿದೆಯಲ್ಲ? ಸೊನ್ನೆ ಬಂದರೆ ತಂತಿ ಕಡಿದಿದೆ ಎಂದು ಗೊತ್ತಾಗುತ್ತದೆ. ನಕ್ಷೆಗೆ ಆ ಸೌಕರ್ಯ ಇಲ್ಲ. ಗೆರೆ ಇಲ್ಲದ ಜಾಗ ನೋಡಿದವನು 'ಇಲ್ಲಿ ಏನೂ ಇಲ್ಲ' ಎಂದೇ ಓದುತ್ತಾನೆ. 'ಯಾರೋ ಹೇಳಲಿಲ್ಲ' ಎಂದು ಓದುವುದಿಲ್ಲ.

ಒಂಬತ್ತನೆಯ ದಿನ ನನ್ನ ಹಿಂದೆ ಯಾರೋ ನಿಂತ ಹಾಗಾಯಿತು. ಕೈಗೆ ಬ್ಯಾಂಡೇಜು ಸುತ್ತಿಕೊಂಡ ಗೆಳೆಯ. ಇನ್ನೂ ರಜೆಯಲ್ಲಿದ್ದ. ಏನೂ ಹೇಳದೆ ಎಡಗೈಯಲ್ಲಿ ನಕ್ಷೆಯ ಒಂದು ತುದಿ ಹಿಡಿದುಕೊಂಡ. ಅಲ್ಲಿಂದ ಮುಂದೆ ಅವನು ಓದಿದ, ನಾನು ಪೈಪು ಮುಟ್ಟಿ ಮುಟ್ಟಿ ಹೌದು, ಅಲ್ಲ ಎಂದೆ.

ಇಷ್ಟು ಕೇಳಿ ಮೊಮ್ಮಕ್ಕಳು ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗಳು, "ನಮ್ಮ ಮನೆಯ ನೀರಿನ ಪೈಪಿಗೂ ಹೀಗೆ ನಕ್ಷೆ ಬರೆಯೋಣವಾ ತಾತಾ?" ಎಂದಳು. ಶಾಲೆ ಶುರುವಾದ ಮೇಲೆ ಏನಾದರೂ ಪ್ರಾಜೆಕ್ಟ್ ಕೇಳುತ್ತಾರಂತೆ, ಈಗಲೇ ಮಾಡಿಟ್ಟರೆ ಆಯಿತು ಎಂಬ ಲೆಕ್ಕವೂ ಇತ್ತು.

ಮೂರು ದಿನ ಮನೆಯೆಲ್ಲ ಗದ್ದಲ. ನೆಲದ ಸಂಪು, ಮೋಟಾರು, ಮೇಲಿನ ಟ್ಯಾಂಕು, ಸೋಲಾರ್, ಗೀಸರ್. ಮೊಮ್ಮಗ ಡಮರುಗ ಬರೆಯುವುದರಲ್ಲಿ ನಿಪುಣನಾದ. ಟ್ಯಾಂಕಿನ ತೇಲುವ ಚೆಂಡಿಗೆ 'ಎಲ್‌ಸಿ' ಎಂದು ತಾನೇ ಹೆಸರಿಟ್ಟ. ಅದು ಮಟ್ಟ ನೋಡಿ ತಾನೇ ನೀರು ನಿಲ್ಲಿಸುತ್ತದೆ, ಆದ್ದರಿಂದ ಸರಿಯೇ.

ತಾರಸಿಯ ಮೇಲೆ ಸೋಲಾರಿನ ಹಿಂದೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಮೊಮ್ಮಗಳು ಕೂಗಿದಳು. "ತಾತಾ, ಇಲ್ಲೊಂದು ವಾಲ್ವ್ ಇದೆ. ನೀವು ಹೇಳಿದ ಲೆಕ್ಕದಲ್ಲಿ ಇಲ್ಲ!"

ಹೋಗಿ ನೋಡಿದೆ. ತಣ್ಣೀರಿನ ಪೈಪಿನಿಂದ ಬಿಸಿನೀರಿನ ಪೈಪಿಗೆ ನೇರ ಸೇರಿಸಿದ ಒಂದು ತುಂಡು. ನಡುವೆ ವಾಲ್ವು, ಅರ್ಧ ತೆರೆದಿತ್ತು. ಬಿಸಿನೀರಿಗೆ ತಣ್ಣೀರು ಬೆರೆಯುತ್ತಲೇ ಇತ್ತು. ಎರಡು ವರ್ಷದಿಂದ ಸೋಲಾರಿನ ನೀರು ಉಗುರುಬೆಚ್ಚಗೆ ಬರುತ್ತದೆ ಎಂದು ಮಾರಿದವರನ್ನೂ ಬಿಸಿಲನ್ನೂ ಬೈಯುತ್ತಿದ್ದೆವು.

"ಇದನ್ನು ಯಾವ ಪ್ಲಂಬರ್ ಹಾಕಿದನೋ! ಹೇಳುವುದು ಕೇಳುವುದು ಇಲ್ಲವಾ?" ಎಂದು ನಾನು ರೇಗಿದೆ.

ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಮನೆಯಾಕೆ ನಿಧಾನವಾಗಿ ಹೇಳಿದಳು. "ರೀ, ಮಳೆಗಾಲದಲ್ಲಿ ಸೋಲಾರ್ ಬೇಡ, ನೀರು ನೇರ ಗೀಸರಿಗೆ ಹೋಗಲಿ ಅಂತ ನೀವೇ ನಿಂತು ಹಾಕಿಸಿದ್ದು."

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಆದರೆ ವಾಲ್ವು ತಿರುವಿ ಮುಚ್ಚುವಾಗ ಕೈ ಯಾಕೋ ನಡುಗಿತು. ಮೂವತ್ತಕ್ಕೂ ಹೆಚ್ಚು ವರ್ಷ ಕೆಂಪು ಪೆನ್ನು ಜೇಬಿನಲ್ಲಿಟ್ಟುಕೊಂಡವನು, ನನ್ನ ಮನೆಯಲ್ಲೇ 'ನಾಳೆ ಹೇಳೋಣ' ಎಂದಿದ್ದೆನಲ್ಲ.

ಮೊಮ್ಮಗಳು ಅದನ್ನು ಕೆಂಪಿನಲ್ಲಿ ಬರೆದಳು. ಬದಲಾದ ಜಾಗದ ಸುತ್ತ ಮೋಡದ ಹಾಗೆ ಅಂಚು ಬರೆಯುವ ಪದ್ಧತಿ ಇದೆ ಎಂದು ಹೇಳಿಕೊಟ್ಟೆ. ಮೋಡ ಬರೆದು, ಪಕ್ಕದಲ್ಲಿ ತಾರೀಕು ಹಾಕಿ, 'ತಾತ ಹಾಕಿಸಿದ್ದು' ಎಂದೂ ಬರೆದಳು. ನಕ್ಷೆ ಅಡುಗೆಮನೆಯ ಬಾಗಿಲ ಹಿಂದೆ ತೂಗಿತು. ಪಕ್ಕದ ಮೊಳೆಗೆ ದಾರ ಕಟ್ಟಿದ ಕೆಂಪು ಪೆನ್ನು. ಈಗ ನಮ್ಮ ಮನೆಯಲ್ಲಿ ಸ್ನಾನದ ನೀರು ಕೈ ಸುಡುವಷ್ಟು ಕಾಯುತ್ತದೆ.

ದಸರೆಗೆ ಗೆಳೆಯ ಬಂದಿದ್ದ. ಪ್ರತಿವರ್ಷ ಬರುತ್ತಾನೆ. ಇಬ್ಬರಿಗೂ ಎಪ್ಪತ್ತಾಯಿತು. ಕಾಫಿ ಲೋಟ ಹಿಡಿದಾಗ ಬಲಗೈಯ ಹೊಳೆಯುವ ಚರ್ಮ ಕಾಣುತ್ತದೆ. ಮಕ್ಕಳು ಅದನ್ನೇ ನೋಡುತ್ತಿದ್ದರು, ಏನೂ ಕೇಳಲಿಲ್ಲ. ಅವನು ಬಾಗಿಲ ಹಿಂದಿನ ನಕ್ಷೆ ಕಂಡು ಎದ್ದು ಹೋದ. ಕನ್ನಡಕ ಹಾಕಿಕೊಂಡು, ಹಿಂದಿನ ಹಾಗೇ ಬೆರಳಿಟ್ಟು, ಸಂಪಿನಿಂದ ಶುರು ಮಾಡಿ ಒಂದೊಂದು ಗೆರೆಯ ಜೊತೆಗೂ ಹೋದ. ಆಮೇಲೆ ಹಿತ್ತಲಿಗೆ ಹೋಗಿ ಬಂದ.

"ತುಳಸಿಕಟ್ಟೆ ಹತ್ತಿರ ಒಂದು ನಲ್ಲಿ ಇದೆಯಲ್ಲ ಅತ್ತಿಗೆ, ಅದು ಎಲ್ಲಿ?" ಎಂದು ಕೇಳಿದ.

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅವನು ದಾರದಲ್ಲಿ ತೂಗುತ್ತಿದ್ದ ಕೆಂಪು ಪೆನ್ನು ತೆಗೆದುಕೊಂಡು, ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದು, ಒಂದು ಪುಟ್ಟ ಡಮರುಗ ಬರೆದ. ಮೊಮ್ಮಗ ಓಡಿಹೋಗಿ ಅವನ ಪಕ್ಕ ನಿಂತು, "ತಾತಾ, ಮೋಡ ನಾನು ಬರೀತೀನಿ" ಎಂದ.